ಗೊತ್ತುಗುರಿಯಿಲ್ಲದ ನಗರ ನಡಿಗೆಗೆ ಯಾವ ನಕ್ಷೆ? ಗೂಗಲ್ ಮ್ಯಾಪ್ಸ್, ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆಂಡ್: ಒಂದು ವಿಮರ್ಶೆ

ಪರಿಚಯವಿಲ್ಲದ ಮಹಾನಗರ. ಕೈಯಲ್ಲಿ ಒಂದು ಇಡೀ ದಿನವಿದೆ, ಮುಂಚಿತವಾಗಿ ಯಾವ ತಯಾರಿಯನ್ನೂ ಮಾಡಿಲ್ಲ, ಊರನ್ನು ನಡೆದೇ ನೋಡಬೇಕು. ಇಂಥ ದಿನಕ್ಕೆ ಫೋನಿನಲ್ಲಿ ಯಾವ ನಕ್ಷೆ ಇದ್ದರೆ ಒಳ್ಳೆಯದು? ಇಲ್ಲಿ ನೋಡಿರುವುದು ಮೂರು ಆ್ಯಪ್‌ಗಳನ್ನು: ಗೂಗಲ್ ಮ್ಯಾಪ್ಸ್, ಆರ್ಗ್ಯಾನಿಕ್ ಮ್ಯಾಪ್ಸ್ ಮತ್ತು ಓಸ್ಮ್‌ಆಂಡ್. ಮೂರೂ ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ಸಿಗುತ್ತವೆ, ದುಡ್ಡು ಕೊಡದೆಯೂ ಬಳಸಬಹುದು.

ತೀರ್ಪು ಮೊದಲೇ ಹೇಳಿಬಿಡೋಣ. ದಿನದ ಹೆಚ್ಚಿನ ಹೊತ್ತು ಕೈಯಲ್ಲಿ ತೆರೆದಿರಬೇಕಾದದ್ದು ಆರ್ಗ್ಯಾನಿಕ್ ಮ್ಯಾಪ್ಸ್. ಗೂಗಲ್ ಬೇಕಾಗುವುದು ಎರಡೇ ಕೆಲಸಕ್ಕೆ: ಒಂದು ಜಾಗ ಈಗ ತೆರೆದಿದೆಯೇ ಎಂದು ನೋಡಲು, ಸಂಜೆ ಬಸ್ಸು ರೈಲು ಹಿಡಿದು ಹಿಂತಿರುಗಲು. ಓಸ್ಮ್‌ಆಂಡ್ ಶಕ್ತಿಯಲ್ಲಿ ಎರಡಕ್ಕಿಂತ ಮುಂದಿದೆ, ಆದರೆ ಹೊರಡುವ ಬೆಳಿಗ್ಗೆಯೇ ಅದನ್ನು ಮೊದಲ ಸಲ ತೆರೆದು ಕಲಿಯಲು ಕೂತರೆ ಅರ್ಧ ದಿನ ಅಲ್ಲೇ ಕಳೆಯುತ್ತದೆ.

ಈ ತೀರ್ಪಿಗೆ ಕಾರಣ, ಅಲೆದಾಟಕ್ಕೆ ಬೇಕಾದ ನಕ್ಷೆಯ ಗುಣವೇ ಬೇರೆ. ಕಚೇರಿಗೋ ಆಸ್ಪತ್ರೆಗೋ ಹೋಗುವವರಿಗೆ "ಮುಂದಿನ ತಿರುವಿನಲ್ಲಿ ಎಡಕ್ಕೆ" ಎನ್ನುವ ದನಿ ಬೇಕು. ಕಣ್ಣು ಹೋದ ಕಡೆ ಕಾಲು ಹಾಕುವವರಿಗೆ ಆ ದನಿಯೇ ಅಡ್ಡಿ. ಚೆಂದದ ಗಲ್ಲಿಯೊಂದಕ್ಕೆ ತಿರುಗಿದ ಕೂಡಲೇ ಅದು ಹಳೆಯ ದಾರಿಗೆ ಎಳೆಯಲು ನೋಡುತ್ತದೆ. ಅವರು ನಕ್ಷೆಯನ್ನು ಕೇಳುವ ಪ್ರಶ್ನೆಗಳು ನಾಲ್ಕು: ನಾನೀಗ ಎಲ್ಲಿದ್ದೇನೆ, ಉಳಿದುಕೊಂಡ ಜಾಗ ಯಾವ ದಿಕ್ಕಿಗಿದೆ, ಅಲ್ಲಿಗೆ ಎಷ್ಟು ದೂರ, ನಡುವೆ ದಾಟಲಾಗದ್ದು ಏನಾದರೂ ಇದೆಯೇ. ಇವಕ್ಕೆ ನೆಟ್ ಇಲ್ಲದೆಯೂ ಥಟ್ಟನೆ ಉತ್ತರ ಕೊಡುವ ಆ್ಯಪ್ ಒಳ್ಳೆಯ ಆ್ಯಪ್.

ಆರ್ಗ್ಯಾನಿಕ್ ಮ್ಯಾಪ್ಸ್

ಇದರ ನಕ್ಷೆಯ ಮಾಹಿತಿ ಬರುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ. 2004ರಲ್ಲಿ ಸ್ಟೀವ್ ಕೋಸ್ಟ್ ಬ್ರಿಟನ್ನಿನಲ್ಲಿ ಶುರುಮಾಡಿದ ಈ ನಕ್ಷೆಯನ್ನು ಇಂದಿಗೂ ಜಗತ್ತಿನ ಸ್ವಯಂಸೇವಕರೇ ಬರೆಯುತ್ತಾ ತಿದ್ದುತ್ತಾ ಬಂದಿದ್ದಾರೆ. ಮ್ಯಾಪ್ಸ್ ಡಾಟ್ ಮಿ ಎಂಬ ಹಳೆಯ ಆ್ಯಪ್‌ನ ಮುಕ್ತ ಕೋಡ್ ಹಿಡಿದು, ಜಾಹೀರಾತು ಮತ್ತು ಬಳಕೆದಾರರ ಜಾಡು ಹಿಡಿಯುವ ಭಾಗಗಳನ್ನೆಲ್ಲ ಕಿತ್ತುಹಾಕಿ 2021ರಲ್ಲಿ ಹೊರತಂದದ್ದು ಆರ್ಗ್ಯಾನಿಕ್ ಮ್ಯಾಪ್ಸ್. 2025ರಲ್ಲಿ ಇದರಿಂದ ಕೋಮ್ಯಾಪ್ಸ್ ಎಂಬ ಇನ್ನೊಂದು ಕವಲು ಹುಟ್ಟಿದೆ. ನಡೆಯುವವರ ಮಟ್ಟಿಗೆ ಎರಡರ ಬಳಕೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ.

ಸ್ವಯಂಸೇವಕರ ನಕ್ಷೆ ಎಂಬುದರ ಲಾಭ ಕಾಣುವುದು ನಗರದೊಳಗೆ ಕಾಲಿಟ್ಟಾಗ. ಈ ನಕ್ಷೆ ಬರೆದವರಲ್ಲಿ ನಡೆದಾಡುವವರು, ಸೈಕಲ್ ತುಳಿಯುವವರು ಬಹಳ. ಹಾಗಾಗಿ ಎರಡು ಕಟ್ಟಡಗಳ ನಡುವಿನ ಸಂದಿ, ಉದ್ಯಾನದ ಒಳದಾರಿ, ಮೇಲಿನ ರಸ್ತೆಗೆ ಹತ್ತಿಸುವ ಮೆಟ್ಟಿಲು, ಹಳಿಯಡಿಯ ಸುರಂಗದಾರಿ, ಕುಡಿಯುವ ನೀರಿನ ನಲ್ಲಿ, ಸಾರ್ವಜನಿಕ ಶೌಚಾಲಯ, ಕೊನೆಗೆ ಕೂರಲು ಬೆಂಚು ಕೂಡ ಇದರಲ್ಲಿರುತ್ತದೆ. ಹತ್ತಿರಕ್ಕೆ ಹಿಗ್ಗಿಸಿದಾಗ ಕಾಲುದಾರಿಗಳು ವಾಹನದ ರಸ್ತೆಗಿಂತ ಬೇರೆಯಾಗಿ, ಸಣ್ಣ ತುಂಡುಗೆರೆಗಳಾಗಿ ಕಾಣುತ್ತವೆ. ಬೇಕೆಂದಾಗಲೆಲ್ಲ ನೀರು, ಶೌಚಾಲಯ ಹುಡುಕಲು ನೆಟ್ ಬೇಡ. ಹೊಸ ಊರಿನಲ್ಲಿ ಏಳೆಂಟು ಗಂಟೆ ಹೊರಗಿರುವವರಿಗೆ ಇದೊಂದೇ ಸೌಲಭ್ಯ ಸಾಕು, ಆ್ಯಪ್ ಇಟ್ಟುಕೊಂಡದ್ದು ಸಾರ್ಥಕ.

ಆದರೂ ಇದರ ಅತ್ಯುತ್ತಮ ಗುಣ ಬಹುಪಾಲು ಜನರ ಕಣ್ಣಿಗೆ ಬೀಳುವುದೇ ಇಲ್ಲ. ನಕ್ಷೆಯ ಮೇಲೆ ಒಂದು ಜಾಗವನ್ನು ಒತ್ತಿ ಹಿಡಿಯಿರಿ. ಕೆಳಗೆ ತೆರೆಯುವ ಪಟ್ಟಿಯಲ್ಲಿ ಆ ಜಾಗದ ಹೆಸರಿನ ಜೊತೆಗೆ ಒಂದು ಪುಟ್ಟ ಬಾಣ ಮತ್ತು ಅಲ್ಲಿಗಿರುವ ನೇರ ದೂರ ಇರುತ್ತದೆ. ಆ ಬಾಣವನ್ನೇ ಮುಟ್ಟಿದರೆ ನಕ್ಷೆ ಮರೆಯಾಗಿ ಪರದೆಯ ತುಂಬ ಒಂದು ದೊಡ್ಡ ಬಾಣವೂ ದೂರವೂ ನಿಲ್ಲುತ್ತವೆ. ಫೋನ್ ತಿರುಗಿಸಿದಂತೆ ಬಾಣವೂ ತಿರುಗುತ್ತದೆ. ರಸ್ತೆ, ತಿರುವು, ದನಿ ಒಂದೂ ಇಲ್ಲ.

ಈ ಬಾಣ ಹಿಡಿದು ನಡೆಯುವ ಕ್ರಮ ಹೀಗಿದೆ. ಮೂರ್ನಾಲ್ಕು ಕಿಲೋಮೀಟರ್ ದೂರದ ಒಂದು ಜಾಗವನ್ನು ಗುರುತಿಸಿಕೊಳ್ಳಿ. ನದಿದಂಡೆ, ದೊಡ್ಡ ಉದ್ಯಾನ, ಹಳೆಯ ಮಾರುಕಟ್ಟೆ, ಏನೂ ಆಗಬಹುದು. ದಾರಿ ಕೇಳಬೇಡಿ, ಬಾಣ ಮಾತ್ರ ನೋಡಿ. ಪ್ರತಿ ಕೂಡುರಸ್ತೆಯಲ್ಲಿ ಬಾಣದ ಎಡಬಲಕ್ಕೆ 45 ಡಿಗ್ರಿ ಒಳಗೆ ಬರುವ ಬೀದಿಗಳಲ್ಲಿ ಚೆಂದ ಕಂಡದ್ದನ್ನು ಹಿಡಿಯಿರಿ. ಈ ಮಿತಿಯನ್ನು ಮೀರದೆ ನಡೆದರೆ, ಎಷ್ಟೇ ಸುತ್ತಿದರೂ ಒಟ್ಟು ದೂರ ನೇರ ದೂರದ 1.41 ಪಟ್ಟಿಗಿಂತ ಹೆಚ್ಚಾಗದು. ಇದು ಬರೀ ರೇಖಾಗಣಿತ. 4 ಕಿಲೋಮೀಟರ್ ನೇರ ದೂರಕ್ಕೆ ಹೆಚ್ಚೆಂದರೆ 5.7 ಕಿಲೋಮೀಟರ್ ನಡಿಗೆ. ಅಲೆದಾಟದ ಸುಖವೂ ಉಳಿಯಿತು, ಕಾಲಿನ ಲೆಕ್ಕವೂ ತಪ್ಪಲಿಲ್ಲ.

ಈ ಲೆಕ್ಕವನ್ನು ಕೆಡಿಸುವುದು ನದಿ, ರೈಲುಹಳಿ ಮತ್ತು ಎತ್ತರದ ವೇಗರಸ್ತೆ. ಆಚೆ ದಡ ಮುನ್ನೂರು ಮೀಟರಿನಲ್ಲಿ ಕಾಣುತ್ತಿರುತ್ತದೆ, ಸೇತುವೆ ಮಾತ್ರ ಒಂದು ಕಿಲೋಮೀಟರ್ ಆಚೆ. ಇದನ್ನು ಮೊದಲೇ ಕಂಡುಕೊಳ್ಳಲು ಒಂದು ಸುಲಭ ಪರೀಕ್ಷೆ ಇದೆ. ಹೊರಡುವ ಮುಂಚೆ ಒಂದೇ ಒಂದು ಸಲ ನಡಿಗೆಯ ದಾರಿ ಕೇಳಿ, ಅದರ ಉದ್ದವನ್ನು ನೇರ ದೂರದ ಪಕ್ಕ ಇಟ್ಟು ನೋಡಿ. ಸಾಮಾನ್ಯ ಬೀದಿಗಳ ಬಲೆಯಲ್ಲಿ ದಾರಿ ನೇರ ದೂರದ 1.2ರಿಂದ 1.4 ಪಟ್ಟು ಬರುತ್ತದೆ. ಒಂದೂವರೆ ಪಟ್ಟು ದಾಟಿತೆಂದರೆ ನಡುವೆ ಏನೋ ಅಡ್ಡವಿದೆ ಎಂದರ್ಥ. ಆ ದಾರಿ ಎಲ್ಲಿ ದಾಟುತ್ತದೆ ನೋಡಿ, ಆ ಸೇತುವೆಗೇ ಒಂದು ಗುರುತು ಹಾಕಿ, ಬಾಣವನ್ನು ಅದರತ್ತ ತಿರುಗಿಸಿಕೊಳ್ಳಿ. ದಾರಿ ಕೇಳುವ ಪಟ್ಟಿಯಲ್ಲಿ ಕಾರು, ನಡಿಗೆ, ಮೆಟ್ರೊ, ಸೈಕಲ್ ಜೊತೆಗೆ ನೇರ ಗೆರೆ ಎಳೆಯುವ ಅಳತೆಪಟ್ಟಿಯೂ ಇದೆ, ಎರಡನ್ನೂ ಅಲ್ಲೇ ಹೋಲಿಸಬಹುದು.

ಕೊರತೆಗಳೂ ಸಣ್ಣವಲ್ಲ. ಹುಡುಕಾಟ ದುರ್ಬಲ. ಹೆಸರನ್ನು ಹೆಚ್ಚುಕಡಿಮೆ ನಕ್ಷೆಯಲ್ಲಿರುವಂತೆಯೇ ಬರೆಯಬೇಕು, ಮನೆ ನಂಬರಿನ ಸಮೇತ ಪೂರ್ತಿ ವಿಳಾಸ ಕೊಟ್ಟರೆ ಎಷ್ಟೋ ಸಲ ಏನೂ ಸಿಗುವುದಿಲ್ಲ. ಅಂಗಡಿ, ಹೋಟೆಲುಗಳ ಮಾಹಿತಿ ಹಳತಾಗಿರುತ್ತದೆ, ಏಕೆಂದರೆ ಮುಚ್ಚಿದ ಅಂಗಡಿಯನ್ನು ನಕ್ಷೆಯಿಂದ ತೆಗೆಯಲು ಯಾರಾದರೂ ಅಲ್ಲಿಗೆ ಹೋಗಿ ನೋಡಿರಬೇಕು. ಬಸ್ಸಿನ ವೇಳಾಪಟ್ಟಿ ಇಲ್ಲ. ಮೆಟ್ರೊ ಮಾರ್ಗ ತೋರಿಸುತ್ತದೆ, ಮುಂದಿನ ರೈಲು ಎಷ್ಟು ಹೊತ್ತಿಗೆ ಎಂದು ಹೇಳದು. ಬೀದಿಯ ಫೋಟೊ ಇಲ್ಲ, ಜನರ ಅಭಿಪ್ರಾಯಗಳೂ ಇಲ್ಲ. ಇನ್ನೊಂದು ವಿಷಯ, ಇಳಿಸಿಕೊಂಡ ನಕ್ಷೆಯನ್ನು ಆಗಾಗ ಮತ್ತೆ ಇಳಿಸಿಕೊಳ್ಳದಿದ್ದರೆ ಹಳೆಯ ಊರಿನಲ್ಲೇ ನಡೆಯುತ್ತಿರುತ್ತೀರಿ.

ಗೂಗಲ್ ಮ್ಯಾಪ್ಸ್

2005ರಿಂದ ಇರುವ ಇದನ್ನು ಯಾರಿಗೂ ಪರಿಚಯಿಸಬೇಕಿಲ್ಲ. ತೆರೆಯುವ ಮುಚ್ಚುವ ಸಮಯ, ಫೋನ್ ನಂಬರು, ಯಾವ ಹೊತ್ತಿಗೆ ಜನ ಕಿಕ್ಕಿರಿಯುತ್ತಾರೆ ಎಂಬ ಕಂಬಗಳ ಚಿತ್ರ, ಬಸ್ಸು ರೈಲಿನ ಮಾಹಿತಿ, ಇವುಗಳಲ್ಲಿ ಇದಕ್ಕೆ ಸಾಟಿಯಿಲ್ಲ. ತಪ್ಪಾಗಿ ಬರೆದ ಹೆಸರನ್ನೂ ಅರ್ಥಮಾಡಿಕೊಂಡು ಸರಿಯಾದ ಜಾಗ ತೆಗೆದುಕೊಡುತ್ತದೆ. ದೊಡ್ಡ ಕಟ್ಟಡದ ಬಾಗಿಲು ಯಾವ ಬದಿಗಿದೆ ಎಂದು, ಬೀದಿಗಳ ಫೋಟೊ ತೋರಿಸುವ ಸ್ಟ್ರೀಟ್ ವ್ಯೂನಲ್ಲಿ ಮೊದಲೇ ನೋಡಿಕೊಳ್ಳಬಹುದು.

ಅಲೆದಾಡುವವರಿಗೆ ಇದರಲ್ಲಿರುವ ಒಂದು ಒಳ್ಳೆಯ ಸುಳಿವು ಬಣ್ಣ. ಅಂಗಡಿ, ಹೋಟೆಲು, ಓಡಾಟ ದಟ್ಟವಾಗಿರುವ ಬೀದಿಗಳಿಗೆ ಗೂಗಲ್ 2016ರಿಂದ ಬೇರೆಯದೇ ತಿಳಿಬಣ್ಣ ಬಳಿಯುತ್ತಿದೆ. ಊರನ್ನು ಪೂರ್ತಿ ಚಿಕ್ಕದಾಗಿಸಿ ನೋಡಿದರೆ ಆ ಬಣ್ಣದ ತೇಪೆಗಳು ಎಲ್ಲೆಲ್ಲಿವೆ ಎಂದು ತಿಳಿಯುತ್ತದೆ. ಒಂದು ತೇಪೆಯಿಂದ ಇನ್ನೊಂದಕ್ಕೆ, ನಡುವಿನ ಬಣ್ಣವಿಲ್ಲದ ವಸತಿ ಬೀದಿಗಳ ಮೂಲಕ ಹೋಗಿ. ಜನಜಂಗುಳಿ ಮತ್ತು ನೆಮ್ಮದಿ ಎರಡೂ ಸರದಿಯಲ್ಲಿ ಸಿಗುತ್ತವೆ, ಹಸಿವಾದಾಗ ಊಟದ ಜಾಗ ಹತ್ತಿರವೇ ಇರುತ್ತದೆ.

ಎಡವುವುದು ಮೂರು ಕಡೆ. ಮೊದಲನೆಯದು ನೆಟ್. ಪ್ರದೇಶವನ್ನು ಡೌನ್‌ಲೋಡ್ ಮಾಡಿಟ್ಟರೆ ನಕ್ಷೆ ಕಾಣುತ್ತದೆ, ಕಾರಿನ ದಾರಿಯೂ ಸಿಗುತ್ತದೆ. ನಡಿಗೆಯ ದಾರಿಗೆ ಮಾತ್ರ ನೆಟ್ ಇರಲೇಬೇಕೆಂದು ಎಣಿಸಿಕೊಂಡೇ ಹೊರಡಿ. ಎರಡನೆಯದು ಪರದೆಯ ಗದ್ದಲ. ನಡೆಯುವವರಿಗೆ ಬೇಕಾದ ಮೆಟ್ಟಿಲು, ಸಂದಿ, ಬೆಂಚಿಗಿಂತ ವ್ಯಾಪಾರದ ಹೆಸರುಗಳೇ ಮುಂದೆ ನಿಲ್ಲುತ್ತವೆ, ಅವುಗಳಲ್ಲಿ ಕೆಲವು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತಿನ ಗುರುತುಗಳು. ಮೂರನೆಯದು ದಾರಿಯ ಆಯ್ಕೆ. ಬೇಗ ತಲುಪಿಸುವುದೇ ಅದರ ಗುರಿ, ಆದ್ದರಿಂದ ಗದ್ದಲದ ಮುಖ್ಯರಸ್ತೆಯ ಅಂಚನ್ನೇ ಹಿಡಿಸುವುದು ಹೆಚ್ಚು. ಅದಕ್ಕೆ ಸಮಾನಾಂತರವಾಗಿ ಒಂದು ಬೀದಿ ಒಳಗೆ ನಡೆದರೆ ಎರಡು ನಿಮಿಷ ಹೆಚ್ಚು ಹಿಡಿಯಬಹುದು, ನಡಿಗೆಯ ಹಿತ ಇಮ್ಮಡಿಯಾಗುತ್ತದೆ.

ಇನ್ನು ಕೆಲವು ಉಪಕಾರಿ ಗುಂಡಿಗಳು. ನೀವಿರುವ ಜಾಗ ತೋರಿಸುವ ನೀಲಿ ಚುಕ್ಕೆಯನ್ನು ಮುಟ್ಟಿದರೆ ಕಾರು ನಿಲ್ಲಿಸಿದ ಜಾಗ ಉಳಿಸುವ ಆಯ್ಕೆ ಬರುತ್ತದೆ. ಕಾರು ಇಲ್ಲದಿದ್ದರೂ ನಡಿಗೆ ಶುರುವಾದ ಜಾಗವನ್ನು ಅದರಲ್ಲೇ ಉಳಿಸಿಕೊಳ್ಳಿ. ಒಬ್ಬರೇ ನಡೆಯುವವರು ತಾವಿರುವ ಜಾಗ ಮನೆಯವರಿಗೆ ಕಾಣುವಂತೆ ಒಂದು ದಿನದ ಮಟ್ಟಿಗೆ ಹಂಚಿಕೊಳ್ಳುವುದು ಒಳ್ಳೆಯದು. 2019ರಲ್ಲಿ ಬಂದ ಲೈವ್ ವ್ಯೂ, ಕ್ಯಾಮೆರಾ ತೋರುವ ಬೀದಿಯ ಮೇಲೆಯೇ ಬಾಣ ಬಿಡಿಸುತ್ತದೆ. ನೆಲದಡಿಯ ನಿಲ್ದಾಣದಿಂದ ಮೇಲೆ ಬಂದು ಯಾವ ಕಡೆ ಮುಖ ಮಾಡಿದ್ದೇವೆಂದು ತಿಳಿಯದಾಗ ಅರ್ಧ ನಿಮಿಷ ಬಳಸಿ ಮುಚ್ಚಿಬಿಡಿ, ಬ್ಯಾಟರಿಯನ್ನು ಅದು ಬಹಳ ತಿನ್ನುತ್ತದೆ.

ಓಸ್ಮ್‌ಆಂಡ್

2010ರಿಂದ ಇರುವ ಆ್ಯಪ್ ಇದು. ಮಾಹಿತಿಯ ಮೂಲ ಇದಕ್ಕೂ ಓಪನ್‌ಸ್ಟ್ರೀಟ್‌ಮ್ಯಾಪ್. ಉಚಿತ ಆವೃತ್ತಿಯಲ್ಲಿ 7 ನಕ್ಷೆಗಳನ್ನು ಇಳಿಸಿಕೊಳ್ಳಬಹುದು, ಒಂದು ನಗರಕ್ಕೆ ಅಷ್ಟು ಧಾರಾಳ. ಮೊಣಕಾಲು ನೋವಿನವರು, ಮಗುವಿನ ಗಾಡಿ ತಳ್ಳುವವರು ಬೇರೆ ಆ್ಯಪ್ ನೋಡುವುದೇ ಬೇಡ: ಮೆಟ್ಟಿಲು ತಪ್ಪಿಸಿ ದಾರಿ ಕೊಡು ಎಂದು ಇದಕ್ಕೆ ಹೇಳಬಹುದು. ನಡಿಗೆಯ ವೇಗವನ್ನೂ ನಮಗೆ ಬೇಕಾದಂತೆ ಇಟ್ಟುಕೊಳ್ಳಬಹುದು. ಒಂದೆರಡು ಗುರುತುಗಳಿಗೆ ದಿಕ್ಕು ಮತ್ತು ದೂರವನ್ನು ಪರದೆಯ ಮೇಲ್ಭಾಗದಲ್ಲೇ ನಿಲ್ಲಿಸಿಕೊಳ್ಳುವ ಅನುಕೂಲವೂ ಇದೆ. ಬೆಲೆ ತೆರಬೇಕಾದದ್ದು ತಾಳ್ಮೆಯಲ್ಲಿ. ಮೆನುವಿನೊಳಗೆ ಮೆನು, ಹಳೆಯ ಫೋನಿನಲ್ಲಿ ನಿಧಾನವಾಗಿ ಮೂಡುವ ನಕ್ಷೆ. ಮನೆಯಲ್ಲಿ ಒಂದು ವಾರ ಕೈ ಪಳಗಿಸಿಕೊಂಡವರಿಗೆ ಮಾತ್ರ ಶಿಫಾರಸು.

ನೀಲಿ ಚುಕ್ಕೆಯನ್ನು ಎಷ್ಟು ನಂಬಬೇಕು

ಆ್ಯಪ್ ಯಾವುದೇ ಇರಲಿ, ಎತ್ತರದ ಕಟ್ಟಡಗಳ ನಡುವೆ ಮೂರೂ ಒಂದೇ ರೀತಿ ತಪ್ಪುತ್ತವೆ. ದೋಷ ಆ್ಯಪ್‌ನದಲ್ಲ, ಜಿಪಿಎಸ್‌ನ ಸ್ವಭಾವದ್ದು. ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹಗಳಿಂದ ಸಂಕೇತ ಬರಲು ಹಿಡಿದ ಸಮಯ ಅಳೆದು ಫೋನ್ ತನ್ನ ಜಾಗ ಲೆಕ್ಕ ಹಾಕುತ್ತದೆ; ಕನಿಷ್ಠ ನಾಲ್ಕು ಉಪಗ್ರಹ ಬೇಕು. ತೆರೆದ ಬಯಲಿನಲ್ಲಿ ಸಾಮಾನ್ಯ ಫೋನಿನ ತಪ್ಪು 5 ಮೀಟರಿನ ಆಸುಪಾಸು. ಇಕ್ಕೆಲದಲ್ಲೂ ಗೋಡೆ ಎದ್ದು ನಿಂತ ಬೀದಿಯಲ್ಲಿ ಸಂಕೇತ ಗಾಜಿಗೆ, ಕಾಂಕ್ರೀಟಿಗೆ ಬಡಿದು ಬಳಸಿ ಬರುತ್ತದೆ. ರೇಡಿಯೊ ಅಲೆ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ 300 ಮೀಟರ್ ಹೋಗುವುದರಿಂದ, ಅದರ ಹತ್ತನೇ ಒಂದರಷ್ಟು ತಡವಾದರೂ ಲೆಕ್ಕ 30 ಮೀಟರ್ ತಪ್ಪುತ್ತದೆ.

ತಪ್ಪು ಯಾವ ದಿಕ್ಕಿಗೆ ಬರುತ್ತದೆ ಎನ್ನುವುದು ತಿಳಿದಿದ್ದರೆ ದಿನವಿಡೀ ಉಪಯೋಗಕ್ಕೆ ಬರುತ್ತದೆ. ಇಕ್ಕಟ್ಟಾದ ಬೀದಿಯಲ್ಲಿ ಆಕಾಶ ಕಾಣುವುದು ಬೀದಿಯ ಉದ್ದಕ್ಕೆ ಮಾತ್ರ, ಎಡಬಲದ ಆಕಾಶವನ್ನು ಗೋಡೆ ನುಂಗಿರುತ್ತದೆ. ಆದ್ದರಿಂದ ಬೀದಿಯಲ್ಲಿ ಎಷ್ಟು ಮುಂದೆ ಬಂದಿದ್ದೀರಿ ಎಂಬುದನ್ನು ಚುಕ್ಕೆ ತಕ್ಕಮಟ್ಟಿಗೆ ಸರಿಯಾಗಿ ಹೇಳುತ್ತದೆ. ಬೀದಿಯ ಯಾವ ಬದಿಯಲ್ಲಿದ್ದೀರಿ, ಕೆಲವೊಮ್ಮೆ ಯಾವ ಬೀದಿಯಲ್ಲಿದ್ದೀರಿ ಎಂಬುದರಲ್ಲೇ ಎಡವುತ್ತದೆ. ಚುಕ್ಕೆ ಪಕ್ಕದ ಸಮಾನಾಂತರ ಬೀದಿಗೆ ಹಾರಿದರೆ ಗಾಬರಿಯಾಗಿ ತಿರುಗಬೇಡಿ. ಗೋಡೆಯ ಮೇಲಿನ ಬೀದಿ ಹೆಸರು ನೋಡಿ, ಮುಂದಿನ ಕೂಡುರಸ್ತೆಯವರೆಗೆ ನಡೆದು ಅಲ್ಲಿ ಅರ್ಧ ನಿಮಿಷ ನಿಲ್ಲಿ. ನಾಲ್ಕೂ ಕಡೆ ಆಕಾಶ ತೆರೆದ ಜಾಗದಲ್ಲಿ ಚುಕ್ಕೆ ತಾನಾಗಿ ಸರಿಹೋಗುತ್ತದೆ. ಚುಕ್ಕೆಯ ಸುತ್ತಲಿನ ತಿಳಿನೀಲಿ ವೃತ್ತ ದೊಡ್ಡದಿದ್ದಷ್ಟೂ ಫೋನಿಗೇ ಖಾತ್ರಿ ಕಡಿಮೆ ಎಂದು ತಿಳಿಯಬೇಕು. 2018ರಿಂದೀಚೆಗೆ ಎಲ್1 ಮತ್ತು ಎಲ್5 ಎಂಬ ಎರಡು ಆವರ್ತನಗಳನ್ನು ಹಿಡಿಯುವ ಫೋನುಗಳು ಬಂದಿವೆ. ಇವುಗಳಲ್ಲಿ ಈ ತೊಂದರೆ ಕಡಿಮೆ, ಪೂರ್ತಿ ಹೋಗಿಲ್ಲ.

ದಿಕ್ಕಿನ ತಪ್ಪು ಬೇರೆಯದೇ ಕಥೆ. ಅದನ್ನು ಕೊಡುವುದು ಫೋನಿನೊಳಗಿನ ದಿಕ್ಸೂಚಿ, ಅದಕ್ಕೆ ಉಕ್ಕು ಮತ್ತು ಅಯಸ್ಕಾಂತ ಎಂದರೆ ಆಗದು. ಕಬ್ಬಿಣದ ಸೇತುವೆ, ನಿಂತ ವಾಹನಗಳ ಸಾಲು, ಅಯಸ್ಕಾಂತದ ಮುಚ್ಚಳವಿರುವ ಫೋನ್ ಕವರು, ಇವೆಲ್ಲ ಬಾಣವನ್ನು ತಿರುಗಿಸಿಬಿಡುತ್ತವೆ. ಕವರಿನ ತೊಂದರೆಯಂತೂ ಇಡೀ ದಿನ ಜೊತೆಗೇ ಬರುತ್ತದೆ, ಆದ್ದರಿಂದ ನಡಿಗೆಯ ದಿನ ಅಂಥ ಕವರು ಬಿಚ್ಚಿಡಿ. ಬಾಣ ಹುಚ್ಚಾಪಟ್ಟೆ ಸುತ್ತಿದರೆ ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಮೂರ್ನಾಲ್ಕು ಬಾರಿ ಆಡಿಸಿ. ಆಗಲೂ ಸರಿಹೋಗದಿದ್ದರೆ ಇಪ್ಪತ್ತು ಹೆಜ್ಜೆ ನಡೆದು ಚುಕ್ಕೆ ಯಾವ ಕಡೆ ಸರಿಯಿತು ನೋಡಿ.

ಸಮಯದ ಲೆಕ್ಕ

ಮೂರೂ ಆ್ಯಪ್‌ಗಳು ಹೆಚ್ಚುಕಡಿಮೆ ಗಂಟೆಗೆ 5 ಕಿಲೋಮೀಟರ್ ವೇಗ ಹಿಡಿದು ಸಮಯ ಹೇಳುತ್ತವೆ. ನಿಲ್ಲದೆ ನಡೆಯುವವರಿಗೆ ಅದು ಸರಿ, ನೋಡುತ್ತಾ ನಡೆಯುವವರಿಗೆ ಹೊಂದುವುದಿಲ್ಲ. 12 ಕಿಲೋಮೀಟರಿಗೆ ಆ್ಯಪ್ ಹೇಳುವುದು 2 ಗಂಟೆ 24 ನಿಮಿಷ. ಕಿಲೋಮೀಟರಿಗೆ ಆರು ರಸ್ತೆ ದಾಟಬೇಕು, ಒಂದೊಂದರಲ್ಲೂ ಅರ್ಧ ನಿಮಿಷ ಕಾಯಬೇಕು ಎಂದಿಟ್ಟುಕೊಂಡರೆ ಅಲ್ಲೇ 36 ನಿಮಿಷ ಸೇರಿತು. ನೋಡಲು, ಫೋಟೊ ತೆಗೆಯಲು ನಿಂತದ್ದು ಸೇರಿ ವೇಗ ಗಂಟೆಗೆ ಮೂರು ಕಿಲೋಮೀಟರಿಗೆ ಇಳಿಯುತ್ತದೆ, ಅಂದರೆ ನಾಲ್ಕು ಗಂಟೆ. ಊಟ, ವಿಶ್ರಾಂತಿ, ಒಂದು ಕಟ್ಟಡದ ಒಳಗೆ ಹೊಕ್ಕು ಬರುವುದು ಸೇರಿದರೆ ಆರು. ಆ್ಯಪ್ ಹೇಳಿದ ಸಮಯವನ್ನು ಎರಡೂವರೆಯಿಂದ ಗುಣಿಸಿಕೊಂಡರೆ ಸರಿಯಾದ ಅಂದಾಜು. ನಡೆದು ರೂಢಿಯಿಲ್ಲದವರು ದಿನಕ್ಕೆ 12 ಕಿಲೋಮೀಟರಿಗೆ ನಿಲ್ಲಿಸುವುದು ಒಳ್ಳೆಯದು, ರೂಢಿಯಿರುವವರು 18ರವರೆಗೂ ಹೋಗಬಹುದು. ಒಂದು ಹೆಜ್ಜೆಗೆ ಸುಮಾರು 0.7 ಮೀಟರ್ ಹಿಡಿದರೆ 12 ಕಿಲೋಮೀಟರ್ ಅಂದರೆ 17,000 ಹೆಜ್ಜೆ.

ಏರುತಗ್ಗಿನ ಊರಿಗೆ ಇನ್ನೊಂದು ತಿದ್ದುಪಡಿ ಬೇಕು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ ಹೆಚ್ಚು. ನಗರದ ಅಳತೆಗೆ ಇಳಿಸಿದರೆ 60 ಮೀಟರಿನ ಒಂದು ಏರಿಗೆ 6 ನಿಮಿಷ. ಆರ್ಗ್ಯಾನಿಕ್ ಮ್ಯಾಪ್ಸ್ ನಡಿಗೆಯ ದಾರಿ ತೋರಿಸುವಾಗ ಒಟ್ಟು ಏರು ಇಳಿವುಗಳ ಗ್ರಾಫನ್ನೂ ಕೊಡುತ್ತದೆ. ಮಧ್ಯಾಹ್ನದ ನಂತರದ ದಾರಿಯಲ್ಲಿ ಏರು ಬರದಂತೆ ನೋಡಿಕೊಳ್ಳಲು ಅದು ಸಾಕು.

ದಾರಿ ಎಲ್ಲಿ ಕೈಕೊಡುತ್ತದೆ

ದೊಡ್ಡ ಚೌಕ ಬಂದಾಗ ಆ್ಯಪ್ ಅಂಚಿನಲ್ಲೇ ಸುತ್ತಿಸಿದರೆ ಅಚ್ಚರಿ ಬೇಡ. ದಾರಿ ಹುಡುಕುವ ತಂತ್ರಾಂಶಕ್ಕೆ ಅರ್ಥವಾಗುವುದು ಗೆರೆಗಳು, ಖಾಲಿ ಬಯಲಿನ ನಡುವೆ ನೇರ ಹಾಯಬಹುದೆಂದು ಅದಕ್ಕೆ ಹೊಳೆಯುವುದಿಲ್ಲ. ನೀವು ನೇರ ಹಾಯಿರಿ.

ಉದ್ಯಾನದೊಳಗಿನ ದಾರಿ ಹಗಲು ಸಲೀಸು, ಗೇಟಿಗೆ ಬೀಗ ಬಿದ್ದ ಮೇಲೆ ದೊಡ್ಡ ತೊಡಕು. ಗೇಟು ಮುಚ್ಚುವ ಹೊತ್ತು ನಕ್ಷೆಯಲ್ಲಿ ನಮೂದಾಗದೇ ಇರುವುದೇ ಹೆಚ್ಚು, ಹಾಗಾಗಿ ಕತ್ತಲಾದ ಮೇಲೆ ಉದ್ಯಾನದ ಮೂಲಕ ಸಾಗುವ ದಾರಿಯನ್ನು ಯಾವ ಆ್ಯಪ್ ಕೊಟ್ಟರೂ ತೆಗೆದುಕೊಳ್ಳಬೇಡಿ. ವಸತಿ ಸಮುಚ್ಚಯಗಳ ಒಳರಸ್ತೆಗೂ ಇದೇ ಮಾತು: ಖಾಸಗಿ ಎಂದು ಯಾರೂ ನಕ್ಷೆಯಲ್ಲಿ ಗುರುತಿಸಿರದಿದ್ದರೆ ಆ್ಯಪ್ ಅದನ್ನೇ ಅಡ್ಡದಾರಿಯಾಗಿ ಹಿಡಿಸುತ್ತದೆ.

ವಸ್ತುಸಂಗ್ರಹಾಲಯದಂಥ ವಿಶಾಲ ಕಟ್ಟಡಗಳಲ್ಲಿ ಗುರುತು ಬೀಳುವುದು ಕಟ್ಟಡದ ನಟ್ಟನಡುವೆ. ದಾರಿ ಆ ಗುರುತಿಗೆ ಹತ್ತಿರದ ರಸ್ತೆಗೆ ಕೊನೆಯಾಗುತ್ತದೆ. ಅದು ಹಿಂಬದಿಯ ಗೋಡೆಯೂ ಆಗಿರಬಹುದು. ಬಾಗಿಲಿಗೆ ಸುತ್ತಿ ಬರಲು ಅರ್ಧ ಕಿಲೋಮೀಟರ್ ನಡೆಯಬೇಕಾಗುತ್ತದೆ. ಆರ್ಗ್ಯಾನಿಕ್ ಮ್ಯಾಪ್ಸ್‌ನಲ್ಲಿ ಪೂರ್ತಿ ಹಿಗ್ಗಿಸಿದರೆ ಬಾಗಿಲಿನ ಗುರುತು ಕಾಣಬಹುದು, ಅದನ್ನೇ ಒತ್ತಿ ಹಿಡಿದು ಗುರಿ ಮಾಡಿಕೊಳ್ಳಿ.

ಮೆಟ್ರೊ ನಕ್ಷೆಯಿಂದ ದೂರ ಅಳೆಯುವುದಂತೂ ಬೇಡವೇ ಬೇಡ. ಲಂಡನ್ ಭೂಗತ ರೈಲಿಗಾಗಿ ಹ್ಯಾರಿ ಬೆಕ್ 1931ರಲ್ಲಿ ಬಿಡಿಸಿ 1933ರಲ್ಲಿ ಅಚ್ಚಾದ ನಕ್ಷೆಯ ಮಾದರಿಯನ್ನೇ ಬಹುತೇಕ ಊರುಗಳು ಹಿಡಿದಿವೆ. ನಿಲ್ದಾಣಗಳ ಕ್ರಮ ಅದರಲ್ಲಿ ಸರಿ, ದೂರ ಸರಿಯಲ್ಲ. ಅದೇ ಊರಿನ ಲೆಸ್ಟರ್ ಸ್ಕ್ವೇರ್ ಮತ್ತು ಕೋವೆಂಟ್ ಗಾರ್ಡನ್ ನಡುವೆ ಇರುವುದು ಸುಮಾರು 260 ಮೀಟರ್. ಮೆಟ್ಟಿಲಿಳಿದು ರೈಲು ಕಾಯುವಷ್ಟರಲ್ಲಿ ನಡೆದೇ ಮುಟ್ಟಬಹುದು. ಎರಡು ನಿಲ್ದಾಣಗಳ ನಡುವೆ ನಡೆಯಬೇಕೋ ರೈಲು ಹತ್ತಬೇಕೋ ಎಂದು ನಿರ್ಧರಿಸುವ ಮುಂಚೆ ಬೀದಿ ನಕ್ಷೆಯಲ್ಲಿ ದೂರ ನೋಡಿ.

ಹೊರಡುವ ಮುಂಚಿನ ಹತ್ತು ನಿಮಿಷ

ವೈ-ಫೈ ಇರುವಾಗಲೇ ಆರ್ಗ್ಯಾನಿಕ್ ಮ್ಯಾಪ್ಸ್ ತೆರೆದು ಊರಿನ ಮೇಲೆ ನಕ್ಷೆ ಹಿಗ್ಗಿಸಿ. ಇಳಿಸಿಕೊಳ್ಳುವ ಗುಂಡಿ ತಾನಾಗಿ ಬರುತ್ತದೆ. ದೊಡ್ಡ ಊರಿನ ಹೊರವಲಯ ಕೆಲವೊಮ್ಮೆ ಪಕ್ಕದ ಪ್ರದೇಶದ ಕಡತದಲ್ಲಿರುತ್ತದೆ, ಅದನ್ನೂ ಇಳಿಸಿ. ಆಮೇಲೆ ಏರೋಪ್ಲೇನ್ ಮೋಡ್ ಹಾಕಿ, ಊರಿನ ಎರಡು ತುದಿಗಳ ನಡುವೆ ನಡಿಗೆಯ ದಾರಿ ಕೇಳಿ ನೋಡಿ. ದಾರಿ ಬಂದರೆ ನಕ್ಷೆ ಪೂರ್ತಿ ಇಳಿದಿದೆ. ಇದನ್ನು ಪರೀಕ್ಷಿಸದೆ ಹೊರಟವರಿಗೆ ಅರ್ಧ ಇಳಿದ ನಕ್ಷೆಯ ಸುದ್ದಿ ತಿಳಿಯುವುದು ನೆಟ್ ಸಿಗದ ಜಾಗದಲ್ಲಿ.

ನಂತರ ಗುರುತುಗಳು. ಉಳಿದುಕೊಂಡ ಜಾಗದ ಬಾಗಿಲಿಗೆ ಒಂದು ಬಣ್ಣ. ಸಂಜೆ ಎಲ್ಲಿದ್ದರೂ ಹಿಂತಿರುಗಲು ಆಗುವಂತೆ ಬೇರೆ ಬೇರೆ ದಿಕ್ಕಿನ ಎರಡು ಮೂರು ನಿಲ್ದಾಣಗಳಿಗೆ ಇನ್ನೊಂದು ಬಣ್ಣ. ಕೊನೆಯ ರೈಲಿನ ಸಮಯವನ್ನು ಗೂಗಲ್‌ನಲ್ಲಿ ನೋಡಿ, ಅದಕ್ಕೆ ಒಂದೂವರೆ ಗಂಟೆ ಮುಂಚೆ ಅಲಾರಂ ಇಡಿ. ಉಳಿದುಕೊಂಡ ಜಾಗದ ವಿಳಾಸವನ್ನೂ ಒಂದು ಫೋನ್ ನಂಬರನ್ನೂ ಕಾಗದದಲ್ಲಿ ಬರೆದು ಜೇಬಿನಲ್ಲಿಡಿ. ಮನೆ ನಂಬರೇ ಇಲ್ಲದ ಜಾಗವಾದರೆ ಗೂಗಲ್ ಮ್ಯಾಪ್ಸ್ ತೋರಿಸುವ ಪ್ಲಸ್ ಕೋಡ್ ಬರೆದುಕೊಳ್ಳಿ. 2014ರಲ್ಲಿ ಬಂದ ಈ ಸಂಕೇತ ಹತ್ತು ಅಕ್ಷರ ಮತ್ತು ಅಂಕಿಗಳಲ್ಲಿ ಸುಮಾರು 14 ಮೀಟರ್ ಬದಿಯ ಚೌಕವನ್ನು ಗುರುತಿಸಿಕೊಡುತ್ತದೆ.

ಬ್ಯಾಟರಿಯ ಬಗ್ಗೆ ಎಲ್ಲರಿಗೂ ಇರುವ ಭಯ ಜಿಪಿಎಸ್‌ನದು, ನಿಜವಾಗಿ ತಿನ್ನುವುದು ಪರದೆ. ತಿರುವು ತಿರುವಿಗೆ ದಾರಿ ಹೇಳಿಸಿಕೊಂಡರೆ ಪರದೆ ಉರಿಯುತ್ತಲೇ ಇರುತ್ತದೆ. ಬಾಣ ನೋಡಿ ಜೇಬಿಗಿಟ್ಟರೆ ಒಂದು ದಿನ ಹಾಯಾಗಿ ಕಳೆಯುತ್ತದೆ. ಬಿಸಿಲಿನಲ್ಲಿ ಕೈಯಲ್ಲೇ ಹಿಡಿದರೆ ಫೋನ್ ಕಾದು ಪರದೆ ತಾನಾಗಿ ಮಂಕಾಗುತ್ತದೆ, ನೆರಳಿನಲ್ಲಿ ನಿಂತು ನೋಡಿ. 10,000 ಎಂಎಎಚ್ ಎಂದು ಬರೆದ ಪವರ್ ಬ್ಯಾಂಕ್ ವೋಲ್ಟೇಜ್ ಬದಲಾವಣೆಯ ನಷ್ಟ ಕಳೆದು ಕೊಡುವುದು 6,000ದಿಂದ 6,500 ಮಾತ್ರ. ಒಂದು ದಿನದ ನಡಿಗೆಗೆ ಅಷ್ಟೂ ಬೇಡ. 5,000ದ ಹಗುರದ್ದು ಸಾಕು, ಭಾರ ಅರ್ಧವಾಗುತ್ತದೆ. ಕೇಬಲ್ ಮರೆತರೆ ಮಾತ್ರ ಎರಡೂ ವ್ಯರ್ಥ.

ಯಾರಿಗೆ ಯಾವುದು

ವಿದೇಶದ ಸಿಮ್ ಇಲ್ಲದವರಿಗೆ, ನೆಟ್ ದುಬಾರಿಯಾದ ಕಡೆ ಹೋಗುವವರಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಕಡ್ಡಾಯ. ಸಿಮ್ ಇಲ್ಲದ ಫೋನಿನಲ್ಲೂ ಜಿಪಿಎಸ್ ನಡೆಯುತ್ತದೆ, ಮೊದಲ ಬಾರಿ ಜಾಗ ಹಿಡಿಯಲು ಕೆಲವು ನಿಮಿಷ ತೆಗೆದುಕೊಳ್ಳಬಹುದು ಅಷ್ಟೆ. ಊಟ, ಅಂಗಡಿ ಸುತ್ತುವುದೇ ದಿನದ ಉದ್ದೇಶವಾದರೆ ಗೂಗಲ್ ಒಂದೇ ಸಾಕು. ಮೆಟ್ಟಿಲು ಹತ್ತಲಾಗದವರ ಜೊತೆ ಹೋಗುವವರು ಓಸ್ಮ್‌ಆಂಡ್ ಕಲಿತುಕೊಂಡು ಹೋಗಿ.

ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್ಮ್‌ಆಂಡ್ ಬಳಸಿದವರು ಒಂದು ಕೆಲಸ ಮಾಡಿದರೆ ನಂತರ ಬರುವವರಿಗೆ ಬಹಳ ಉಪಕಾರ. 2017ರಿಂದ ಇರುವ ಸ್ಟ್ರೀಟ್‌ಕಂಪ್ಲೀಟ್ ಎಂಬ ಆಂಡ್ರಾಯ್ಡ್ ಆ್ಯಪ್, ನೀವು ನಿಂತ ಜಾಗದ ಬಗ್ಗೆಯೇ ಸಣ್ಣ ಪ್ರಶ್ನೆ ಕೇಳುತ್ತದೆ: ಈ ದಾರಿಗೆ ರಾತ್ರಿ ದೀಪವಿದೆಯೇ, ಈ ಮೆಟ್ಟಿಲಿಗೆ ಕೈಹಿಡಿ ಇದೆಯೇ, ಈ ಬೆಂಚಿಗೆ ಒರಗು ಇದೆಯೇ. ಕೊಟ್ಟ ಉತ್ತರ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹೋಗಿ ಸೇರುತ್ತದೆ. ಅದಕ್ಕೆ ಒಂದು ಉಚಿತ ಖಾತೆ ಬೇಕು. ಬೀಗ ಹಾಕಿದ ಗೇಟು, ಕಿತ್ತುಹಾಕಿದ ಮೇಲ್ಸೇತುವೆ ಕಂಡರೆ ಅದೇ ಆ್ಯಪ್‌ನಲ್ಲಿ ಆ ಜಾಗದ ಮೇಲೆ ಒಂದು ಟಿಪ್ಪಣಿ ಬಿಡಿ. ಯಾವ ಗೇಟು, ಎಷ್ಟು ಹೊತ್ತಿಗೆ ಮುಚ್ಚಿತ್ತು ಎಂದು ಬರೆದು, ಫಲಕವಿದ್ದರೆ ಅದರ ಫೋಟೊವನ್ನೂ ಸೇರಿಸಿ. ಬರೀ "ದಾರಿ ಇಲ್ಲ" ಎಂಬ ಟಿಪ್ಪಣಿಯಿಂದ ನಕ್ಷೆ ತಿದ್ದುವವರಿಗೆ ಏನೂ ತಿಳಿಯುವುದಿಲ್ಲ.